ಸುರಂಗದ ನೀರು, ಐಸಿನ ಫ್ರಿಜ್ಜು ಮತ್ತು ದೊಡ್ಡಮ್ಮನ ಇನ್ಸುಲಿನ್

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷ ಚಕಾರ ಎತ್ತದೆ ದುಡಿದ ಫ್ರಿಜ್ಜು, ವಿಟ್ಲ ಕಡೆಯ ನಮ್ಮ ದೊಡ್ಡಪ್ಪನ ಮನೆಗೆ ಬಂದ ಎರಡೇ ತಿಂಗಳಿಗೆ ಹಠ ಹಿಡಿಯಿತು. ಅಣ್ಣ ವಿದೇಶಕ್ಕೆ ಹೊರಟಾಗ ಮಾರಲು ಮನಸ್ಸು ಬಾರದೆ ಪಿಕಪ್‌ನಲ್ಲಿ ಹಾಕಿ ಊರಿಗೆ ಕಳಿಸಿದ್ದ. ಕಪಾಟಿನ ಹಾಗೆ ಎರಡು ಬಾಗಿಲು. ಬಾಗಿಲಲ್ಲೇ ಲೋಟ ಹಿಡಿದರೆ ತಣ್ಣೀರು, ಇನ್ನೊಂದು ಗುಂಡಿ ಒತ್ತಿದರೆ ಟಣಟಣ ಅಂತ ಐಸ್ ತುಂಡು. ಹಿಂದೆ ಕಿರುಬೆರಳು ದಪ್ಪದ ಒಂದು ಪೈಪು, ಅದನ್ನು ನೀರಿನ ಲೈನಿಗೆ ಸೇರಿಸಬೇಕು. ಮೊದಲ ವಾರ ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಐಸ್ ತಿಂದು, ಕೆಮ್ಮಿಕೊಂಡು ಹೋದರು.

ಆಮೇಲೆ ಐಸ್ ತುಂಡುಗಳು ಸಣ್ಣದಾದವು. ಒಳಗೆ ಟೊಳ್ಳು. ಕೆಲವು ದಿನ ಬರಲೇ ಇಲ್ಲ. ಮತ್ತೊಂದು ದಿನ ನೋಡಿದರೆ ಐಸ್ ಡಬ್ಬಿ ಇಡೀ ಒಂದೇ ಗಡ್ಡೆ, ಫ್ರೀಜರಿನ ಹಿಂಗೋಡೆಯಲ್ಲೂ ಐಸು. ಇಂಥ ಫ್ರಿಜ್ಜಿನಲ್ಲಿ ತಂಪು ಹುಟ್ಟುವುದು ಫ್ರೀಜರ್ ಬದಿಯಲ್ಲಿ. ಅಲ್ಲಿಂದ ಫ್ಯಾನು ಗಾಳಿಯನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ಗಾಳಿಯ ದಾರಿಗೆ ಐಸ್ ಕಟ್ಟಿದರೆ ಒಂದು ಬದಿ ಹಿಮಾಲಯ, ಇನ್ನೊಂದು ಬದಿ ನಮ್ಮದೇ ಏಪ್ರಿಲ್. ಹಾಲು ಒಡೆಯಿತು. ದೊಡ್ಡಮ್ಮ ಗುಂಡಿ ಒತ್ತಿ ತಂಪನ್ನು ಅತಿ ಹೆಚ್ಚಿಗೆ ಇಟ್ಟರು. ಹಾಲು ಒಡೆದರೆ ಯಾರಾದರೂ ಮಾಡುವುದು ಅದನ್ನೇ.

ಪೇಟೆಯಿಂದ ಮೆಕ್ಯಾನಿಕ್ ಬಂದರು. ಕರೆಂಟು ತೆಗೆದು ಐಸ್ ಕರಗಿಸಿ, "ಅಣ್ಣಾ, ನೀರಿನ ವಾಲ್ವ್ ಹೋಗಿದೆ" ಅಂತ ಹೊಸದು ಹಾಕಿದರು. ಹತ್ತು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಎರಡನೇ ಸಲ ಬಂದಾಗ, "ಐಸ್ ಮೇಕರ್ ಸೆಟ್ಟೇ ಚೇಂಜ್ ಮಾಡ್ಬೇಕು, ಹತ್ತು ಸಾವಿರ ಹತ್ತಿರ ಆಗ್ತದೆ" ಅಂದರು. ದೊಡ್ಡಪ್ಪ "ನೋಡುವ" ಅಂದರು. ನಮ್ಮಲ್ಲಿ "ನೋಡುವ" ಅಂದರೆ ಏನರ್ಥ ಅಂತ ನಿಮಗೆ ಗೊತ್ತು.

ಐಸ್ ಸಿಗದಿದ್ದರೆ ಯಾರೂ ಸಾಯುವುದಿಲ್ಲ, ಹಾಗಾಗಿ ಇಲ್ಲಿಗೆ ಬಿಡಬಹುದಿತ್ತು. ಆದರೆ ಆ ಫ್ರಿಜ್ಜಿನಲ್ಲಿ ದೊಡ್ಡಮ್ಮನ ಇನ್ಸುಲಿನ್ ಇತ್ತು.

ನಾನು ಮೇ ತಿಂಗಳಲ್ಲಿ ಹೋದಾಗ ದೊಡ್ಡಮ್ಮನ ಖಾಲಿ ಹೊಟ್ಟೆಯ ಶುಗರ್ 290 ದಾಟಿತ್ತು. ಮನೆಯವರೆಲ್ಲ ಅಪವಾದ ಹೊರಿಸಿದ್ದು ಹಲಸಿನ ಹಣ್ಣಿನ ಮೇಲೆ. "ಎರಡೇ ಸೊಳೆ ತಿಂದದ್ದು ಮಾರಾಯಾ, ಎರಡೇ" ಅಂತ ದೊಡ್ಡಮ್ಮ ಅಳುವುದೊಂದು ಬಾಕಿ. ಬಾಯಾರಿ ನೀರಿನ ಬಾಟಲಿ ತೆಗೆದೆ. ಕುಲುಕಿದರೆ ಒಳಗೆ ಐಸ್ ಚೂರು. ಅದರ ಪಕ್ಕದಲ್ಲೇ, ತಂಪು ಗಾಳಿ ಬರುವ ಕಿಂಡಿಯ ಎದುರಿಗೆ, ಇನ್ಸುಲಿನ್ ಡಬ್ಬಿ. ಐಸ್ ಕರಗಿಸಿ ಗಾಳಿಯ ದಾರಿ ತೆರೆದಾಗ ಗುಂಡಿ ಮಾತ್ರ ಅತಿ ಹೆಚ್ಚಿನಲ್ಲೇ ಉಳಿದಿತ್ತು. ಔಷಧಿ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿರಬೇಕು.

ಇದನ್ನು ಸ್ವಲ್ಪ ಗಮನವಿಟ್ಟು ಓದಿ, ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ತೆರೆಯದ ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸಬಾರದು, ನೋಡಲು ಚೆನ್ನಾಗಿದ್ದರೂ ಅದರ ಬಲ ಹೋಗಿರುತ್ತದೆ. ಬಳಕೆಯಲ್ಲಿರುವ ಪೆನ್ನು ಅಥವಾ ಬಾಟಲಿಗೆ ಫ್ರಿಜ್ಜೇ ಬೇಕೆಂದಿಲ್ಲ. ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇಡಬಹುದು, ಆದರೆ ಬಿಸಿ 25–30 ಡಿಗ್ರಿ ದಾಟಬಾರದು. ಡಬ್ಬಿಯೊಳಗಿನ ಚೀಟಿಯಲ್ಲಿ ನಿಮ್ಮ ಔಷಧಿಯ ಲೆಕ್ಕ ಇರುತ್ತದೆ. ನಮ್ಮ ಬೇಸಗೆಗೆ ಮಣ್ಣಿನ ಮಡಕೆಯೇ ದಾರಿ: ದೊಡ್ಡ ಮಡಕೆಯೊಳಗೆ ಸಣ್ಣದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ಗಾಳಿಯಾಡುವ ನೆರಳಿನಲ್ಲಿಟ್ಟರೆ ನೀರು ಆವಿಯಾಗುತ್ತಾ ಒಳಗೆ ತಂಪಾಗುತ್ತದೆ. ಔಷಧಿಗೆ ನೀರು ತಾಗದಂತೆ ಡಬ್ಬಿಯಲ್ಲಿಡಿ. ಕರಾವಳಿಯ ಸೆಕೆಯಲ್ಲಿ ಬಯಲುಸೀಮೆಯಷ್ಟು ತಂಪಾಗುವುದಿಲ್ಲ ಅನ್ನುವುದೂ ನಿಜ.

ಅದೇ ಸಂಜೆ ಹೊಸ ಇನ್ಸುಲಿನ್ ತಂದೆವು, ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದೆವು. ಶುಗರ್ ಇಳಿಯಲು ಒಂದು ವಾರ ಬೇಕಾಯಿತು. ಹಲಸಿಗೆ ಅರ್ಧ ಕ್ಷಮೆ ಸಿಕ್ಕಿತು.

ಇನ್ನು ಫ್ರಿಜ್ಜಿನ ವಿಚಾರ. ಹತ್ತು ಸಾವಿರ ಕೊಡುವ ಮೊದಲು ತಪ್ಪು ಎಲ್ಲಿದೆ ಅಂತ ನೋಡಬೇಕಿತ್ತು. ಪ್ಲಗ್ ಕಿತ್ತು, ಐಸ್ ಡಬ್ಬಿ ಹೊರಗಿಟ್ಟು, ನೀರು ಬೀಳುವ ಕೊಳವೆಯ ಕೆಳಗೆ ಸ್ಟೀಲ್ ಬಟ್ಟಲು ಹಿಡಿದು ಕೂತೆ. ಕರೆಂಟೇ ಇಲ್ಲದಿದ್ದರೂ ತೊಟ್... ತೊಟ್. ಇದರಲ್ಲೇ ಅರ್ಧ ಉತ್ತರ ಇದೆ. ಪ್ಲಗ್ ತೆಗೆದ ಕೂಡಲೇ ತೊಟ್ಟಿಕ್ಕುವುದು ನಿಂತರೆ, ವಾಲ್ವಿಗೆ ತಪ್ಪಾಗಿ ಕರೆಂಟು ಹೋಗುತ್ತಿದೆ ಎಂದರ್ಥ. ಪ್ಲಗ್ ತೆಗೆದರೂ ತೊಟ್ಟಿಕ್ಕಿದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಎರಡರಲ್ಲಿ ಯಾವುದಾದರೂ, ತೊಟ್ಟಿಕ್ಕುವ ನೀರಿಗೆ ಐಸ್ ಅಚ್ಚಿನ ಮೇಲೆ ದೂರು ಹೊರಿಸುವಂತಿಲ್ಲ.

ಆದರೆ ವಾಲ್ವ್ ಹೊಸದು! ಅದು ಯಾಕೆ ಮುಚ್ಚುವುದಿಲ್ಲ?

ಅದರೊಳಗೆ ಒಂದು ರಬ್ಬರ್ ಬಿಲ್ಲೆ ಇದೆ. ಕರೆಂಟು ಬಂದಾಗ ಸುರುಳಿ ಅಯಸ್ಕಾಂತವಾಗಿ ಸಣ್ಣ ಕಡ್ಡಿಯೊಂದನ್ನು ಎತ್ತುತ್ತದೆ, ಸೂಜಿಯಷ್ಟು ತೂತು ತೆರೆಯುತ್ತದೆ. ಆಗ ಬಿಲ್ಲೆಯ ಮೇಲಿನ ಒತ್ತಡ ಇಳಿದು, ಕೆಳಗಿನ ನೀರೇ ಅದನ್ನು ಎತ್ತಿ ದಾರಿ ಮಾಡಿಕೊಳ್ಳುತ್ತದೆ. ಕರೆಂಟು ನಿಂತಾಗ ಕಡ್ಡಿ ಬಿದ್ದು ತೂತು ಮುಚ್ಚುತ್ತದೆ, ಮೇಲೆ ತುಂಬಿದ ನೀರು ಬಿಲ್ಲೆಯನ್ನು ಒತ್ತಿ ಹಿಡಿಯುತ್ತದೆ. ಅಂದರೆ ಬಿಗಿಯಾಗಿ ಮುಚ್ಚಿ ಹಿಡಿಯುವುದು ನೀರಿನ ಒತ್ತಡ. ಒತ್ತಡ ಸಾಲದಿದ್ದರೆ ಬಿಲ್ಲೆ ಸರಿಯಾಗಿ ಏಳುವುದೂ ಇಲ್ಲ, ಕೂರುವುದೂ ಇಲ್ಲ. ಏಳದಿದ್ದರೆ ಟೊಳ್ಳು ಐಸು, ಕೂರದಿದ್ದರೆ ಗಡ್ಡೆ ಐಸು. ನಮ್ಮಲ್ಲಿ ಎರಡೂ ಆಗುತ್ತಿತ್ತು.

ಫ್ರಿಜ್ಜಿನ ಪುಸ್ತಕ ಅಣ್ಣನ ಪೆಟ್ಟಿಗೆಯಲ್ಲಿ ಸಿಕ್ಕಿತು. ಕನಿಷ್ಠ 20 ಪಿಎಸ್ಐ ಒತ್ತಡ ಬೇಕು ಅಂತ ಇತ್ತು. ನೀರು ಒಂದು ಅಡಿ ಎತ್ತರದಿಂದ ಇಳಿದರೆ ಸಿಗುವುದು ಸುಮಾರು 0.43 ಪಿಎಸ್ಐ. ದೊಡ್ಡಪ್ಪನ ಮನೆಗೆ ನೀರು ಗುಡ್ಡದ ಸುರಂಗದಿಂದ. ಅದು ತೊಟ್ಟಿಯಲ್ಲಿ ನಿಂತು, ಪಂಪಿನ ಹಂಗಿಲ್ಲದೆ ತಾನಾಗಿ ಮನೆಗೆ ಇಳಿಯುತ್ತದೆ. ಅಡುಗೆಮನೆಗಿಂತ ತೊಟ್ಟಿ 18 ಅಡಿ ಮೇಲೆ. ಲೆಕ್ಕ ಹಾಕಿದರೆ 8 ಕೂಡ ಇಲ್ಲ. 20 ಬೇಕಾದರೆ ತೊಟ್ಟಿ 46 ಅಡಿ ಎತ್ತರದಲ್ಲಿರಬೇಕು. "ಅಂದ್ರೆ ಅಡಿಕೆ ಮರದ ತಲೆಯಲ್ಲಿ ಟಾಂಕಿ ಇಡ್ಬೇಕು" ಅಂದರು ದೊಡ್ಡಪ್ಪ. ಕೊಳೆರೋಗಕ್ಕೆ ನಲವತ್ತು ಮಳೆಗಾಲ ಬೋರ್ಡೋ ಬಿಡಿಸಿದವರಿಗೆ ಪ್ರೆಶರಿನ ಪಾಠ ನಾನು ಹೇಳಬೇಕಾಗಿರಲಿಲ್ಲ. ಅಣ್ಣನ ಅಪಾರ್ಟ್‌ಮೆಂಟಿನಲ್ಲಿ ನೀರನ್ನು ಪ್ರೆಶರ್ ಪಂಪು ತಳ್ಳುತ್ತಿತ್ತು, ಅಲ್ಲಿ ಸರಿ ಇದ್ದದ್ದು ಅದಕ್ಕೇ.

ಅದರ ಮೇಲೆ ಕೆಸರು. ನಲ್ಲಿ ಬಂದ್ ಮಾಡಿ ವಾಲ್ವಿನ ಪೈಪು ಬಿಚ್ಚಿದರೆ ಬಾಯಲ್ಲಿ ಸಣ್ಣ ಬಲೆ, ಬಲೆ ತುಂಬ ಕೆಂಪು ಮಣ್ಣು. ಬಿಚ್ಚಿದ ಪೈಪನ್ನು ಬಕೆಟಿಗೆ ಹಿಡಿದರೆ ನೀರು ದಾರದಷ್ಟು. ಹಳೇ ಬ್ರಷ್ಷಿನಲ್ಲಿ ತಿಕ್ಕಿದ ಮೇಲೆ ಎರಡು ದಿನ ಐಸು ಬಂತು, ಅಷ್ಟೇ. ಅಂದ ಹಾಗೆ ನಿಮ್ಮ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ ನೀರು ತುಂಬಲು ಗಂಟೆ ತೆಗೆದುಕೊಂಡರೆ ಅಲ್ಲೂ ಇದೇ ಜಾತಿಯ ವಾಲ್ವು, ಇದೇ ಬಲೆ. ಯಾರನ್ನಾದರೂ ಕರೆಯುವ ಮೊದಲು ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಅದನ್ನೊಮ್ಮೆ ತೊಳೆದು ನೋಡಿ. ಫ್ರೀಜರಿನ ಐಸನ್ನು ಮಾತ್ರ ಚೂರಿಯಿಂದ ಕುಕ್ಕಬೇಡಿ. ಗ್ಯಾಸಿನ ಪೈಪಿಗೆ ತೂತಾದರೆ ಫ್ರಿಜ್ಜು ಗುಜರಿಗೆ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಲೆಕ್ಕ ಹೇಳಿದೆ. ಅವರೇನೂ ಕೆಟ್ಟವರಲ್ಲ, ಅವರು ನೋಡುವ ಇಂಥ ಫ್ರಿಜ್ಜುಗಳೆಲ್ಲ ಪಂಪಿರುವ ಪೇಟೆಮನೆಗಳಲ್ಲಿ. "ಹಾಗಾದ್ರೆ ಸಣ್ಣ ಪ್ರೆಶರ್ ಪಂಪು, ಮುಂದೆ ಒಂದು ಫಿಲ್ಟರು ಹಾಕಿದ್ರೆ ಆಯ್ತು" ಅಂದರು. ಸರಿಯಾದ ಮಾತೇ. ದೊಡ್ಡಪ್ಪ ಯೋಚಿಸಿದರು. ಅಜ್ಜ ಮಣ್ಣು ಅಗೆಸಿ ತಂದ ನೀರು ಕರೆಂಟಿಲ್ಲದೆ ಇಳಿದು ಬರುತ್ತಿರುವಾಗ, ಐಸ್ ತುಂಡಿಗಾಗಿ ಪಂಪು ಇಡಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಪೈಪು ಕಳಚಿದರು. ಐಸ್ ಮೇಕರ್ ಆಫ್ ಮಾಡಿ, ಫ್ರೀಜರಿನಲ್ಲಿ ಮೂವತ್ತು ರೂಪಾಯಿಯ ಪ್ಲಾಸ್ಟಿಕ್ ಟ್ರೇ ಇಟ್ಟರು.

ಇನ್ಸುಲಿನ್ ಈಗ ನಡುವಿನ ತಟ್ಟೆಯಲ್ಲಿ, ಕಿಂಡಿಯಿಂದ ದೂರ. ಪಕ್ಕದಲ್ಲಿ ಒಂದು ಲೋಟ ನೀರು, ಅದರೊಳಗೆ ಸಣ್ಣ ಥರ್ಮಾಮೀಟರು. ಬೆಳಿಗ್ಗೆ ಕಾಫಿಗೆ ಹಾಲು ತೆಗೆಯುವಾಗ ದೊಡ್ಡಮ್ಮ ಅದನ್ನು ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ, ಹಾಲಿನ ಲೆಕ್ಕದ ಕೆಳಗೆ. ನಿನ್ನೆ ಫೋನ್ ಮಾಡಿದಾಗ 5 ಇತ್ತಂತೆ. ಕಳಚಿದ ಪೈಪನ್ನು ದೊಡ್ಡಪ್ಪ ಕೋಳಿಗೂಡಿನ ನೀರಿನ ಬಟ್ಟಲಿಗೆ ಎಳೆದಿದ್ದಾರೆ, ಅಲ್ಲಿಗೆ 8 ಪಿಎಸ್ಐ ಬೇಕಾದಷ್ಟಾಯಿತು.