ಗಾಲಿಗೆ ಕಲ್ಲು ಕೊಟ್ಟವರು

ನಮ್ಮ ಕ್ಯಾಸಂಬಳ್ಳಿ ಕಡೆಯ ಮುದುಕರನ್ನು ಕೇಳಿ ನೋಡಿ, ದಣಿಗಳ ಹಳೇ ಪಿಕಪ್ಪಿಗೆ ಬ್ರೇಕು ಎಲ್ಲಿತ್ತು ಅಂತ. ಡ್ರೈವರನ ಕಾಲ ಕೆಳಗೆ ಅನ್ನುವುದಿಲ್ಲ. 'ಹಿಂದ್ಗಡೆ ನಿಂತಿರ್ತಿದ್ನಲ್ಲಪ್ಪಾ' ಅನ್ನುತ್ತಾರೆ. ಹಾಗೆ ಹಿಂದೆ ನಿಂತಿರುತ್ತಿದ್ದವನು ನಮ್ಮ ತಾತ.

ಅದು ಜೀಪಿನ ಜಾತಿಯ ಗಾಡಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಹೋಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರದವರು ಅಮೆರಿಕದ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರಲ್ಲ, ಆ ವಂಶದ್ದು. ಗೊಬ್ಬರ, ಕಡಲೆಕಾಯಿ, ಹುಣಸೆಹಣ್ಣು, ಕೂಲಿಯವರು ಎಲ್ಲ ಅದರ ಬೆನ್ನ ಮೇಲೆ. ಇಳಿಜಾರು ಬಂದರೆ ಡ್ರೈವರು ಪೆಡಲನ್ನು ಮೂರು ಸಲ ಪಂಪು ಹೊಡೆಯುತ್ತಿದ್ದ. ಆಮೇಲೆ 'ಕಲ್ಲು ಕೊಡ್ಲೇ' ಅಂತ ಕೂಗುತ್ತಿದ್ದ. ತಾತ ಹಾರಿ ಗಾಲಿಗೆ ಕಲ್ಲು ಕೊಡಬೇಕು. ಒಂದು ದಿನ ಕಲ್ಲಿನ ಜೊತೆ ಕೈಯೂ ಗಾಲಿಯ ಕೆಳಗೆ ಹೋಯಿತು. ತಾತನ ಬಲಗೈಯಲ್ಲಿ ಇವತ್ತಿಗೂ ಎರಡು ಬೆರಳಿಲ್ಲ.

ದಣಿಗಳು ಆಸ್ಪತ್ರೆಗೆ ಇಪ್ಪತ್ತು ರೂಪಾಯಿ ಕೊಟ್ಟರಂತೆ. ಬ್ರೇಕಿಗೆ ಅಷ್ಟೂ ಕೊಡಲಿಲ್ಲ. ಪೆಟ್ರೋಲು ದುಬಾರಿ ಅನ್ನಿಸಿದಾಗ ಮಾತ್ರ ಡೀಸೆಲ್ ಎಂಜಿನ್ನು ಕೂರಿಸಿದರು. ಗಾಡಿ ಓಡುವುದಕ್ಕೆ ದುಡ್ಡಿತ್ತು. ನಿಲ್ಲುವುದಕ್ಕೆ ನಮ್ಮವರಿದ್ದರು.

ಆ ಗಾಡಿ ಈಗ ನಮ್ಮದು. ನಾವು ಅಂದರೆ ಕೇರಿಯ ಮೂವರು. ಒಬ್ಬ ಬಿ.ಎ. ಮುಗಿಸಿ ಪದ್ಯ ಬರೆಯುವವನು. ಒಬ್ಬ ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದವನು. ಇನ್ನೊಬ್ಬ ಐ.ಟಿ.ಐ. ಅರ್ಧಕ್ಕೆ ಬಿಟ್ಟವನು. ದಣಿಗಳ ಮೊಮ್ಮಕ್ಕಳು ಊರು ಬಿಟ್ಟ ಮೇಲೆ ಹುಣಸೇಮರದ ಕೆಳಗೆ ತುಕ್ಕು ತಿನ್ನುತ್ತಿದ್ದ ಗಾಡಿಯನ್ನು ಗುಜರಿ ಬೆಲೆಗೆ ಕೊಂಡೆವು. ಟೊಮೇಟೊ ಬಾಕ್ಸುಗಳನ್ನು ಕೋಲಾರದ ಮಾರ್ಕೆಟ್ಟಿಗೆ ಹೊಡೆದು ನಾಲ್ಕು ಕಾಸು ಮಾಡೋಣವೆಂದು.

ಅಷ್ಟರಲ್ಲಿ ಬೆಂಗಳೂರಿನಿಂದ ಒಬ್ಬರು ಬಂದರು. ಹಳೇ ಗಾಡಿಗಳ ಮೋಹದವರು. 'ನೀವು ಕೊಟ್ಟಿದ್ದರ ಎರಡರಷ್ಟು ಕೊಡ್ತೀನಿ. ಆದ್ರೆ ಏನೂ ಮುಟ್ಟಬೇಡಿ. ಬ್ರೇಕು, ಸ್ಟೇರಿಂಗು ಎಲ್ಲಾ ಒರಿಜಿನಲ್ ಆಗಿರ್ಬೇಕು' ಅಂದರು. ಒಳ್ಳೆಯವರೇ, ಗಾಡಿಯನ್ನು ಪ್ರೀತಿಯಿಂದ ಸವರಿ ನೋಡಿದರು. ಎರಡು ರಾತ್ರಿ ನಮ್ಮೊಳಗೇ ಜಗಳವಾಯಿತು. ಸಾಲ ಇದ್ದವನು ಮಾರಿಬಿಡೋಣ ಅಂದ. ತಪ್ಪೇನೂ ಅಲ್ಲ. ಆದರೆ ಒರಿಜಿನಲ್ಲು ಅನ್ನುವ ಮಾತು ನಮ್ಮ ಗಂಟಲಲ್ಲಿ ಸಿಕ್ಕಿಕೊಂಡಿತು. ತಾತನ ಎರಡು ಬೆರಳೂ ಒರಿಜಿನಲ್ಲೇ ಆಗಿದ್ದವಲ್ಲ ಗೆಳೆಯರೇ. 'ಹಿಂದಿನಿಂದ ಹೀಗೇ ಬಂದಿದೆ, ಮುಟ್ಟಬೇಡಿ' ಎಂಬ ಮಾತನ್ನು ನಾವು ಬಾವಿಯ ಹತ್ತಿರ ಕೇಳಿದ್ದೇವೆ, ಗುಡಿಯ ಹತ್ತಿರ ಕೇಳಿದ್ದೇವೆ. ಗಾಡಿಯ ಹತ್ತಿರವೂ ಕೇಳಬೇಕೆ? ಕೊಡಲಿಲ್ಲ.

ಗಾಡಿಯನ್ನು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಗೆ ಎಳೆಸಿಕೊಂಡು ಹೋದೆವು. ಅಲ್ಲೊಬ್ಬ ಮೇಸ್ತ್ರಿ ಇದ್ದಾರೆ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಎಲ್ಲೋ ಹೋಯಿತು, ಇವರ ಪಾಲಿಗೆ ಉಳಿದದ್ದು ಕೈಯ ಕಸುಬು. 'ತಂಬಿ, ಚಾಂಪಿಯನ್ ರೀಫು ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಆಳ. ಆಳು ತುಂಬಿದ ಕೇಜು ಇಳಿಯೋವಾಗ ಎಷ್ಟು ಜೋರಾಗಿ ಹೋಗ್ತದೆ ಅಂತ ಯಾರೂ ಕೇಳಲ್ಲ, ನಿಲ್ತದಾ ಅಂತ ಕೇಳ್ತಾರೆ. ಮೊದ್ಲು ಗಾಡಿಗೆ ನಿಲ್ಲೋದು ಕಲ್ಸು' ಅಂದರು.

ಕಾಲಡಿಯ ತಗಡು ಬಿಚ್ಚಿದರು. ಕೆಳಗೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರು. ನಾಲ್ಕು ಚಕ್ರಕ್ಕೂ ಎಣ್ಣೆ ಅಲ್ಲಿಂದಲೇ ಹೋಗಬೇಕು. ಒಂದು ಪೈಪು ಒಡೆದರೆ, ಒಂದು ರಬ್ಬರು ಸೋರಿದರೆ, ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಯಿತು. ಆ ಕಾಲದ ಗಾಡಿಗಳೆಲ್ಲ ಹೆಚ್ಚು ಕಡಿಮೆ ಹಾಗೆಯೇ. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ಎರಡು ದಾರಿಯ ಬ್ರೇಕು ಕಡ್ಡಾಯವಾಯಿತು. ಕೋಣೆ ಎರಡು, ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಒಂದು. ಒಂದು ಸೋತರೆ ಇನ್ನೊಂದು ಹಿಡಿಯುತ್ತದೆ. ಮೇಸ್ತ್ರಿ ಅಂಥದನ್ನೇ ಕೂರಿಸಿದರು.

ಮುಂದಿನ ಡ್ರಮ್ಮುಗಳು ಹೋಗಿ ಡಿಸ್ಕುಗಳು ಬಂದವು. ಡ್ರಮ್ಮಿನೊಳಗೆ ನೀರು, ಕೆಸರು ಹೊಕ್ಕರೆ ಶೂ ಜಾರುತ್ತದೆ. ಬಿಸಿಯಾದರೆ ಹಿಡಿತ ಸಡಿಲ. ಡಿಸ್ಕು ಗಾಳಿಗೆ ಬಿಚ್ಚಿಕೊಂಡಿರುತ್ತದೆ, ಬೇಗ ಆರುತ್ತದೆ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ನುಗ್ಗುವುದರಿಂದ ಮುಂದಿನ ಚಕ್ರಕ್ಕೇ ಅದು ಮೊದಲು ಬೇಕು. ಹಿಂದೆ ಡ್ರಮ್ಮೇ ಉಳಿಯಿತು. ಇವೆರಡಕ್ಕೂ ಹೊಂದುವ ಮಾಸ್ಟರ್ ಹಾಕದಿದ್ದರೆ ಹಿಂದಿನ ಚಕ್ರ ಮೊದಲು ಕಚ್ಚಿ ಗಾಡಿಯೇ ತಿರುಗಿಬಿಡುತ್ತದೆಯಂತೆ.

ಒಂದು ಕಡೆ ನಾವೇ ಎಡವಿದೆವು. ಕಾಲಿಗೆ ಹಗುರವಾಗಲೆಂದು ಗುಜರಿಯಿಂದ ಬೂಸ್ಟರು ತಂದು ಕಟ್ಟಿಸಿದೆವು. ಪೆಡಲು ಕಲ್ಲಿನ ಹಾಗೇ ಕೂತಿತ್ತು. ಮೇಸ್ತ್ರಿ ನಕ್ಕರು. ಬೂಸ್ಟರು ಕೆಲಸ ಮಾಡುವುದು ವ್ಯಾಕ್ಯೂಮಿನಿಂದ. ಪೆಟ್ರೋಲ್ ಎಂಜಿನ್ನು ಗಾಳಿ ಎಳೆಯುವಾಗ ಅದು ತಾನೇ ಹುಟ್ಟುತ್ತದೆ; ಡೀಸೆಲ್ಲಿನಲ್ಲಿ ಹಾಗಾಗುವುದಿಲ್ಲ. ಅದಕ್ಕೆ ಬೇರೆ ಪಂಪು ಬೇಕು. ಮತ್ತೆ ಸಾಲ, ಮತ್ತೆ ಹದಿನೈದು ದಿನ.

ಸ್ಟೇರಿಂಗಿನ ಕಥೆ ಇನ್ನೊಂದು. ಕಾಲು ಸುತ್ತು ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಸ್ಟೇರಿಂಗ್ ಬಾಕ್ಸಿನಿಂದ ಒಂದು ರಾಡು, ಅದರಿಂದ ಬೆಲ್ ಕ್ರ್ಯಾಂಕು, ಅಲ್ಲಿಂದ ಟೈ ರಾಡುಗಳು. ಒಂದೊಂದು ಕೀಲಿನಲ್ಲೂ ಕೂದಲೆಳೆ ಸವೆದರೆ ಕೊನೆಗೆ ಅದು ಅಂಗೈ ಅಗಲದ ಪ್ಲೇ ಆಗುತ್ತದೆ. ಬೆಲ್ ಕ್ರ್ಯಾಂಕಿನ ಪಿನ್ನು, ಟೈ ರಾಡ್ ಎಂಡುಗಳು, ಕಿಂಗ್ ಪಿನ್ ಬೇರಿಂಗು ಎಲ್ಲ ಹೊಸದಾಗಿ ಬಿದ್ದವು. ಪವರ್ ಸ್ಟೇರಿಂಗು ಹಾಕಿಸುವ ಆಸೆ ಇತ್ತು, ದುಡ್ಡಿರಲಿಲ್ಲ. ಇರಲಿ, ತೋಳಿದೆ.

ಇದನ್ನೆಲ್ಲ ಮನಸ್ಸಿಗೆ ಬಂದ ಹಾಗೆ ಮಾಡುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಕಟ್ಟು ಹಾಕುತ್ತದೆ. ಕೈ ಹಚ್ಚುವ ಮೊದಲೇ ಕಲಂ ಓದಿಕೊಂಡು ಹೋಗಿ ಬ್ರೇಕ್ ಇನ್ಸ್‌ಪೆಕ್ಟರರನ್ನು ಕೇಳಿ, ಕಾಗದ ಬರೆದು ಕೊಟ್ಟೆವು. ಕೇರಿಗೆ ಮೊದಲ ಬಿ.ಎ. ಅಷ್ಟಕ್ಕಾದರೂ ಬಂತು.

ಕೊನೆಗೆ ಪೈಪಿನ ಏರು ತೆಗೆಯುವ ದಿನ. ಮಾಸ್ಟರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು ಮಾಡಬೇಕಂತೆ. ನಮ್ಮ ಗಾಡಿಗೆ ಅದು ಹಿಂದಿನ ಎಡಚಕ್ರ. 'ತಾತ ನಿಲ್ತಿದ್ದ ಜಾಗ' ಅಂದ ನಮ್ಮಲ್ಲೊಬ್ಬ. ಯಾರೂ ಮಾತಾಡಲಿಲ್ಲ. ಒಬ್ಬ ಪೆಡಲು ಒತ್ತಿದ, ಒಬ್ಬ ನಿಪ್ಪಲು ಬಿಚ್ಚಿದ, ಒಬ್ಬ ಎಣ್ಣೆ ತುಂಬಿದ. ಗುಳ್ಳೆ ನಿಲ್ಲುವವರೆಗೆ.

ಆಮೇಲೆ ತಾತನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸೈನೇಡ್ ದಿಬ್ಬಗಳ ಪಕ್ಕದ ಇಳಿಜಾರಿಗೆ ಹೋದೆವು. ಆ ಗಾಡಿಯ ಒಳಗೆ ಅವನು ಕೂತದ್ದು ಅದೇ ಮೊದಲು. ಒತ್ತಿದೆವು. ಒಂದೇ ಒತ್ತು, ಪಂಪಿಲ್ಲ, ಕೂಗಿಲ್ಲ. ಗಾಡಿ ನೆಟ್ಟಗೆ ನಿಂತಿತು. ನೋಡಿದರೆ ತಾತನ ತೊಡೆಯ ಮೇಲೆ ಕಲ್ಲಿತ್ತು. ಯಾವಾಗ ಎತ್ತಿಕೊಂಡನೋ! 'ಕೆಳಗಿಡು ತಾತಾ' ಅಂದೆವು. ಇಡಲಿಲ್ಲ. 'ಹಿಂದ್ಗಡೆ ಯಾರ್ನೂ ನಿಲ್ಲಿಸ್ಬೇಡ್ರೋ' ಅಂದ, ಅಷ್ಟೇ.

ಅದನ್ನೂ ಇಲ್ಲಿ ಬರೆದುಬಿಡಬೇಕು. ಮೊದಲ ವಾರವೇ ಟೊಮೇಟೊ ಬಾಕ್ಸುಗಳ ಮೇಲೆ ಏಳು ಜನ ಕೂಲಿ ಹೆಂಗಸರನ್ನು ಹತ್ತಿಸಿಕೊಂಡು ಬಂದವರು ನಾವೇ. ಬಸ್ಸಿಲ್ಲ, ಕತ್ತಲಾಗಿತ್ತು, ಅವರೇ ಕೇಳಿದರು, ನೆಪಕ್ಕೆ ಬರವಿಲ್ಲ. ತಾತ ಬಾಗಿಲಲ್ಲಿ ನಿಂತು ಅವರು ಒಬ್ಬೊಬ್ಬರಾಗಿ ಇಳಿಯುವುದನ್ನು ನೋಡುತ್ತಿದ್ದ. ಬೈಯಲಿಲ್ಲ. ಎದ್ದು ಹೋಗಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಬಂದ. ಆ ರಾತ್ರಿ ನಾವು ಊಟ ಮಾಡಲಿಲ್ಲ.

ಈಗ ಹತ್ತಿಸುವುದಿಲ್ಲ. ಮುಂದಿನ ಸೀಟಿನಲ್ಲಿ ಹಿಡಿಸುವಷ್ಟೇ ಜನ. ಬೇಕಾದರೆ ಎರಡು ಟ್ರಿಪ್ಪು ಹೊಡೆಯುತ್ತೇವೆ. ಡೀಸೆಲ್ಲು ನಮ್ಮದೇ ಕೈಯಿಂದ.