ಬಿಡಿಭಾಗದ ಪಟ್ಟಿ ಕೊನೆಗಿಟ್ಟಾಗ

ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿದ್ದಾಗ ಸೇನಾ ವಾಹನಗಳಿಗೆಂದು ಒಂದು ವಿದ್ಯುತ್ ನಿಯಂತ್ರಣ ಪೆಟ್ಟಿಗೆ ವಿನ್ಯಾಸ ಮಾಡಿದ್ದೆ. ಟೆಂಡರಿನಲ್ಲಿ ಎಲ್-1 ಆಗಬೇಕು, ಎಲ್ಲರಿಗಿಂತ ಕಡಿಮೆ ದರ ನಮ್ಮದಾಗಬೇಕು, ತಲೆಯಲ್ಲಿದ್ದದ್ದು ಅಷ್ಟೇ. ಪೆಟ್ಟಿಗೆ ಚಿಕ್ಕದಾಗಲೆಂದು ಕಾರ್ಡುಗಳನ್ನು ಒಂದರ ಹಿಂದೊಂದು ಒತ್ತಿ ಕೂರಿಸಿದೆ. ಮನೆಬಳಕೆಯ ಸಾಮಾನುಗಳಿಗೆ ಹಾಕುವ ಅಗ್ಗದ ಚಿಪ್ ಆರಿಸಿದೆ. ಬಿಡಿಭಾಗಗಳ ಪಟ್ಟಿ, ದುರಸ್ತಿ ಕೈಪಿಡಿ, ಪರೀಕ್ಷಾ ಉಪಕರಣಗಳ ಮಾತು ಬಂದಾಗ "ಮೊದಲು ಆರ್ಡರ್ ಬರಲಿ" ಎಂದವನೂ ನಾನೇ.

ನಮ್ಮಲ್ಲೊಬ್ಬ ನಿವೃತ್ತ ಸುಬೇದಾರರಿದ್ದರು. ಸೇನೆಯ ದುರಸ್ತಿ ದಳವಾದ ಇಎಂಇಯಲ್ಲಿ ಸ್ಪ್ಯಾನರ್ ಹಿಡಿದೇ ಸವೆದವರು. ಡ್ರಾಯಿಂಗ್ ನೋಡಿ ಕೇಳಿದರು: "ಸಾರ್, ಈ ಫ್ಯೂಸ್ ಹೋದ್ರೆ ಎಲ್ಲಾ ಕಾರ್ಡೂ ಕೀಳ್ಬೇಕಲ್ಲಾ? ಲೇಹ್ ಚಳೀಲಿ ಗ್ಲೌಸ್ ಹಾಕ್ಕೊಂಡು ಹೆಂಗ್ ಮಾಡೋದು?"

"ಆ ಫ್ಯೂಸ್ ಹೋಗಲ್ಲ ಬಿಡಿ" ಎಂದೆ.

ಹೋಯಿತು. ಒಂದಲ್ಲ, ಸಾಲುಸಾಲಾಗಿ. ವರ್ಕ್‌ಶಾಪಿನಲ್ಲಿ ಪರೀಕ್ಷಾ ಉಪಕರಣವಿಲ್ಲದ್ದರಿಂದ ಇಡೀ ಪೆಟ್ಟಿಗೆಯೇ ಗಡಿಯಿಂದ ಬೆಂಗಳೂರಿಗೆ ಬರತೊಡಗಿತು. ವಾಹನ ಅಲ್ಲೇ ನಿಂತಿರುತ್ತಿತ್ತು. ಅಷ್ಟರಲ್ಲಿ ಚಿಪ್ ತಯಾರಿಕೆಯೂ ನಿಂತಿತು. ಬೇರೆ ಚಿಪ್ ಹಾಕಿದರೆ ಮುಗಿಯಲಿಲ್ಲ: ಕಾರ್ಡಿನ ಮರುವಿನ್ಯಾಸ, ಸೇನಾ ಉಪಕರಣಗಳ ಪರೀಕ್ಷಾ ಮಾನದಂಡವಾದ ಜೆಎಸ್‌ಎಸ್ 55555ರ ಪ್ರಕಾರ ಬಿಸಿ, ಚಳಿ, ತೇವ, ಅದುರಿಕೆಯ ಪರೀಕ್ಷೆಗಳು ಮತ್ತೆ ಮೊದಲಿನಿಂದ. ಚಿಪ್ಪಿನಲ್ಲಿ ಉಳಿಸಿದ ದುಡ್ಡು ಆ ಪರೀಕ್ಷೆಗಳ ಮೊದಲ ಬಿಲ್ಲಿಗೂ ಸಾಲಲಿಲ್ಲ. ಸುಬೇದಾರರು ಮಾತ್ರ "ಹೇಳಿದ್ದೆನಲ್ಲ" ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಸಮಾಧಾನವಾಗುತ್ತಿತ್ತು.

ದೊಡ್ಡವರ ಕತೆಯೂ ಇದೇ ಜಾಡಿನದು. 1986ರಲ್ಲಿ 410 ಬೋಫೋರ್ಸ್ ತೋಪುಗಳಿಗೆ ಒಪ್ಪಂದವಾಯಿತು. ಆ ಖರೀದಿಯ ಲಂಚದ ಹಗರಣ, ತಯಾರಕ ಕಂಪನಿಯ ಮೇಲಿನ ನಿರ್ಬಂಧಗಳ ನಡುವೆ ಬಿಡಿಭಾಗಗಳ ಹರಿವು ಬತ್ತಿ, ಒಂದು ತೋಪನ್ನು ಬಿಚ್ಚಿ ಇನ್ನೊಂದನ್ನು ನಡೆಸುವ ಸ್ಥಿತಿ ಬಂತು. 1999ರ ಕಾರ್ಗಿಲ್ ಯುದ್ಧದಲ್ಲಿ ಅವೇ ತೋಪುಗಳು ಆಸರೆಯಾದವು. ಅಲ್ಲಿನ ಕಾರಣ ರಾಜಕೀಯ, ನನ್ನದು ಶುದ್ಧ ಉದಾಸೀನ. ಇದಕ್ಕೆ ವ್ಯತಿರಿಕ್ತವಾಗಿ 2016ರ ರಫೇಲ್ ಒಪ್ಪಂದದಲ್ಲಿ, 36 ವಿಮಾನಗಳ ಪೈಕಿ ಶೇ. 75ರಷ್ಟು ಸದಾ ಹಾರಾಟಕ್ಕೆ ಸಿದ್ಧವಿರಬೇಕೆಂಬ ಹೊಣೆಯನ್ನು ಮೊದಲ ಐದು ವರ್ಷಗಳಿಗೆ ಪೂರೈಕೆದಾರನ ತಲೆಗೇ ಕಟ್ಟಿದರು. ಆ ಖರೀದಿಯ ಉಳಿದ ಜಗಳ ಏನೇ ಇರಲಿ, ಈ ಷರತ್ತು ನನಗೆ ಮೆಚ್ಚುಗೆ.

ಟೆಂಡರ್ ಬರೆಯುವವರಲ್ಲಿ ನನ್ನದೊಂದು ವಿನಂತಿ: ಉಪಕರಣದ ದರಕ್ಕೆ ಅದರ ಆಯುಷ್ಯದುದ್ದದ ಬಿಡಿಭಾಗ, ದುರಸ್ತಿಯ ಖರ್ಚನ್ನೂ ಕೂಡಿಸಿ, ಆಮೇಲೆ ಎಲ್-1 ಯಾರೆಂದು ನಿರ್ಧರಿಸಿ. ನನ್ನಂಥವರು ತಾವಾಗಿಯೇ ದಾರಿಗೆ ಬರುತ್ತಾರೆ.