ಹುಳುವೆಂದು ಹಳಿಯಬಹುದೇ?



ಹುಳುವೊಂದು ಕಣ್ಣಿಗೆ ಬಿದ್ದೊಡನೆ ಹೊಸಕಿಹಾಕುವುದು, ಇಲ್ಲವೆ ಔಷಧವನ್ನು ಸಿಂಪಡಿಸುವುದು ನಮ್ಮಲ್ಲನೇಕರಿಗೆ ರೂಢಿಯಾಗಿಹೋಗಿದೆ. ಸೊಳ್ಳೆಯಿಂದ ರೋಗ ಹರಡುವುದೂ ಗೆದ್ದಲು ಮರಮುಟ್ಟುಗಳನ್ನು ತಿನ್ನುವುದೂ ನಿಜವೇ. ಆದರೆ ಕೆಲವರ ಅಪರಾಧಕ್ಕಾಗಿ ಕುಲವನ್ನೇ ಶಿಕ್ಷಿಸುವುದು ನ್ಯಾಯವೇ? ಈ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡುವೆವು.

ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳ ಶರೀರವೂ, ಎದೆಗೆ ಸೇರಿದ ಆರು ಕಾಲುಗಳೂ ಉಳ್ಳ ಪ್ರಾಣಿಯೇ ಕೀಟ. ಎಂಟು ಕಾಲಿನ ಜೇಡವು ಈ ಕುಲಕ್ಕೆ ಸೇರಿದುದಲ್ಲ. ವಿದ್ವಾಂಸರು ಈವರೆಗೆ ಹೆಸರಿಟ್ಟು ವರ್ಣಿಸಿರುವ ಕೀಟಜಾತಿಗಳೇ ಸುಮಾರು 10 ಲಕ್ಷ. ಇವುಗಳ ಉಪಕಾರವಾದರೋ ಬಹಳ. ಕುಂಬಳದ ಬಳ್ಳಿಯಲ್ಲಿ ಗಂಡುಹೂವೇ ಬೇರೆ, ಹೆಣ್ಣುಹೂವೇ ಬೇರೆ. ಜೇನುಹುಳು ಪರಾಗವನ್ನು ಹೊತ್ತು ತಾರದಿದ್ದರೆ ಕಾಯಿ ಕಚ್ಚದು. ಸಗಣಿಹುಳು ಸಗಣಿಯನ್ನು ನೆಲದೊಳಕ್ಕೆ ಒಯ್ದು ಮಣ್ಣಿಗೆ ಸಾರವನ್ನು ಕೊಡುವುದು. ಕಾಡಿನಲ್ಲಿ ಬಿದ್ದ ಮರವನ್ನು ಮಣ್ಣಾಗಿಸಲು ನಾವು ಶಪಿಸುವ ಗೆದ್ದಲೇ ಬೇಕು. ಹುಳುಗಳಿಲ್ಲದಿದ್ದರೆ ಎಷ್ಟೋ ಹಕ್ಕಿಗಳು ಮರಿಗಳಿಗೆ ಗುಟುಕು ಕೊಡಲಾರವು.

ಹುಳುವೇ ಹುಳುವಿನಿಂದ ನಮ್ಮನ್ನು ಕಾಪಾಡಿದ ಸಂಗತಿಯೊಂದು ನಮ್ಮ ನೆರೆಯಲ್ಲಿಯೇ ನಡೆಯಿತು. ತಣಿಸಂದ್ರದಲ್ಲಿ ಹೊಲಗಳಿದ್ದೆಡೆ ಈಗ ಮನೆಗಳೆದ್ದಿವೆ. ಆದರೂ ಹಿತ್ತಿಲಲ್ಲಿ ಪರಂಗಿಯ ಗಿಡವನ್ನು ಸಾಕಿಕೊಂಡಿರುವ ಮನೆಗಳುಂಟು, ನಮ್ಮದೂ ಅವುಗಳಲ್ಲೊಂದು. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿಯ ಹಿಟ್ಟುತಿಗಣೆಯೆಂಬ ಹೊಸ ಪಿಡುಗು ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿತು. ಇದರ ಮೂಲಸ್ಥಾನ ಮೆಕ್ಸಿಕೋ ಸೀಮೆ. ಮೈಮೇಲಿನ ಮೇಣದ ಹೊದಿಕೆಯಿಂದಾಗಿ ಔಷಧವು ಅದಕ್ಕೆ ಸುಲಭವಾಗಿ ತಗಲದು. ಅದು ಹಿಪ್ಪುನೇರಳೆಯನ್ನೂ ಹಿಡಿದಾಗ ರೈತರ ಸಂಕಟ ಇಮ್ಮಡಿಸಿತು. ವಿಷ ಸಿಂಪಡಿಸಿದ ಸೊಪ್ಪನ್ನು ತಿಂದರೆ ರೇಷ್ಮೆಹುಳುವೇ ಸಾಯುವುದು. ಸಿಂಪಡಿಸದಿದ್ದರೆ ಸೊಪ್ಪೇ ಉಳಿಯದು.

ಆಗ ನೆರವಾದುದು ತಣಿಸಂದ್ರಕ್ಕೆ ಅನತಿದೂರದ ಹೆಬ್ಬಾಳದಲ್ಲಿ, ಬಳ್ಳಾರಿ ರಸ್ತೆಯಲ್ಲಿರುವ ಒಂದು ಕೇಂದ್ರ ಸಂಸ್ಥೆ. ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಈಗ ಅದಕ್ಕೆ ಹೆಸರು. ಆ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೋ ದ್ವೀಪದಿಂದ ಮೂರು ಜಾತಿಯ ಸಣ್ಣ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಸಾಕಿ, ತೋಟಗಳಲ್ಲಿ ಬಿಡುವ ಏರ್ಪಾಟು ಮಾಡಿದರು. ಅವುಗಳಲ್ಲಿ ಹೆಚ್ಚು ಕೆಲಸಮಾಡಿದ ಅಸೆರೊಫೇಗಸ್ ಪಪಾಯೆ ಎಂಬುದು ಒಂದು ಮಿಲಿಮೀಟರಿಗಿಂತಲೂ ಕಿರಿದು; ಮನುಷ್ಯರನ್ನು ಕುಟುಕದು. ಅದು ತಿಗಣೆಯ ಮೈಯೊಳಗೆ ಮೊಟ್ಟೆಯಿಡುವುದು. ಹುಟ್ಟಿದ ಮರಿಯು ತಿಗಣೆಯನ್ನೇ ಉಂಡು ಬೆಳೆಯುವುದು. ಕೆಲವೇ ತಿಂಗಳುಗಳಲ್ಲಿ ಪಿಡುಗು ಇಳಿಯಿತು. ಪರಂಗಿಯೂ ಹಿಪ್ಪುನೇರಳೆಯೂ ಚಿಗುರಿದುವು.

ಆದಕಾರಣ ಎಲೆಯಡಿ ಬೆಳ್ಳಗೆ ಏನಾದರೂ ಕಂಡೊಡನೆ ನಾವು ಔಷಧದ ಡಬ್ಬಿಗೆ ಕೈಹಾಕುವುದಿಲ್ಲ. ಹಗೆಯನ್ನು ಕೊಲ್ಲಲು ಹೊರಟ ವಿಷವು ಕಣ್ಣಿಗೆ ಕಾಣದ ಕಾವಲುಗಾರನನ್ನೇ ಮೊದಲು ಕೊಂದೀತು. ತಾಯಂದಿರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಗಳು ಹುಳುವನ್ನು ನೋಡಿ ಕೂಗಿಕೊಂಡಾಗ ಪೊರಕೆಯನ್ನು ಎತ್ತಿಕೊಳ್ಳುವ ಮುನ್ನ ಅದರ ಕಾಲುಗಳನ್ನು ಎಣಿಸಲು ಹೇಳಿರಿ, ಅದು ಏನು ತಿನ್ನುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಬಿಡಿರಿ. ಮಿತ್ರನೋ ಶತ್ರುವೋ ಎಂಬುದನ್ನು ಅರಿತ ಬಳಿಕ ಮಾಡತಕ್ಕುದನ್ನು ಅವಳೇ ತಿಳಿಯುವಳು.